ಅಮಾವಾಸ್ಯೆಗೆ ಫೈನಲ್, ಉಗಾದಿಗೆ ಗೆಲುವು

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಐದು ಹಗಲು, ನಾಲ್ಕು ರಾತ್ರಿ, 850 ಡಾಲರಿಗೆ ಸ್ವಲ್ಪ ಮೇಲೆ. ಆಗಿನ ಲೆಕ್ಕಕ್ಕೆ ನಮ್ಮ ರೂಪಾಯಿಯಲ್ಲಿ ಸುಮಾರು 71 ಸಾವಿರ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2024ರಲ್ಲಿ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್ 69 ಸೆಂಟ್ ಇತ್ತು. ಕ್ಯಾಂಪಸ್ಸಿನ ಊಟದ ಹಾಲ್‌ನಲ್ಲಿ ಪಾತ್ರೆ ತೊಳೆಯುವ ನನ್ನಂಥವನಿಗೆ ಅದು 54 ಗಂಟೆಯ ದುಡಿಮೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿರುವವರು ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ಅಂದರೆ ಹತ್ತಿರಹತ್ತಿರ ಮೂರು ವಾರದ ಪಾತ್ರೆ. ಅಷ್ಟನ್ನೂ ಸುರಿದು 2024ರ ಏಪ್ರಿಲ್‌ನಲ್ಲಿ ನಾನು ಅರಿಜೋನಾಕ್ಕೆ ಹೋಗಿ ನೋಡಿ ಬಂದಿದ್ದು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ಪಿನ ಕೊನೆಯ ಮೂರು ಪಂದ್ಯ. ಅದರಲ್ಲಿ ನಮ್ಮ ತಂಡದ್ದು ಎರಡೇ.

'ಹೇಗೆ ಹೋದೆ, ಟಿಕೆಟ್ ಹೇಗೆ ಸಿಕ್ತು' ಅಂತ ಜೂನಿಯರ್‌ಗಳು ದಿನಾ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವನು. ಓದುತ್ತಿರುವುದು ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ, ಸ್ಟಾರ್ಸ್ ಅನ್ನುವ ಹಳ್ಳಿಯಲ್ಲಿ. ಹಳ್ಳಿ ಅಂದರೆ ಹಳ್ಳಿಯೇ. ಶುರುವಿನಲ್ಲಿ ಇದು ಕೃಷಿ ಶಾಲೆ ಆಗಿತ್ತಂತೆ. ಈಗಲೂ ಕ್ಯಾಂಪಸ್ಸಿನಲ್ಲಿ ಹಸುಗಳಿವೆ, ಅವುಗಳ ಹಾಲಿನ ಐಸ್‌ಕ್ರೀಮ್ ಅಂಗಡಿ ಇದೆ. ಇಲ್ಲಿ ಎಲ್ಲರೂ ಕಾಲೇಜನ್ನು 'ಯುಕಾನ್' ಅಂತಾರೆ. ಆ ಹೆಸರು ಕೇಳಿ ನಮ್ಮ ಸೋದರಮಾವ ಮ್ಯಾಪ್ ತೆಗೆದು, 'ಅದು ಕೆನಡಾದಾಗ ಐತಲ್ಲೋ, ಬರೀ ಹಿಮ' ಅಂದಿದ್ದರು. ಅದು ಬೇರೆ ಯುಕಾನ್ ಅಂತ ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಬಂದಿದ್ದು 2022ರ ಆಗಸ್ಟ್. ಮೊದಲ ವರ್ಷ ನನಗೂ ಈ ತಂಡಕ್ಕೂ ಸಂಬಂಧವೇ ಇರಲಿಲ್ಲ. 2023ರ ಏಪ್ರಿಲ್ 3ರಂದು ಹ್ಯೂಸ್ಟನ್ನಿನಲ್ಲಿ ನಮ್ಮವರು ಸ್ಯಾನ್ ಡಿಯೇಗೊ ಸ್ಟೇಟ್ ತಂಡವನ್ನು 76-59ರಿಂದ ಸೋಲಿಸಿ ಚಾಂಪಿಯನ್ ಆದರು. ನಾನು ಆ ರಾತ್ರಿ ಲೈಬ್ರರಿಯಲ್ಲಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಕ್ಯಾಂಪಸ್ಸಿನ ದೀಪದ ಕಂಬಗಳು ನೆಲಕ್ಕೆ ಬಿದ್ದಿದ್ದವು. ಸಂಭ್ರಮದಲ್ಲಿ ಹುಡುಗರು ಕಿತ್ತುಹಾಕಿದ್ದರು. ಅದನ್ನು ಯಾರೂ ಹೊಗಳಲಿಲ್ಲ, ನಾನೂ ಹೊಗಳುವುದಿಲ್ಲ. ಆದರೆ ಇಡೀ ಊರು ಎದ್ದು ಕುಣಿದ ರಾತ್ರಿ ನಾನೊಬ್ಬ ಕೋಡ್ ಸರಿಮಾಡುತ್ತ ಕೂತಿದ್ದೆನಲ್ಲ ಅಂತ ಹೊಟ್ಟೆಯೊಳಗೆ ಏನೋ ಚುಚ್ಚಿತು. ಮುಂದಿನ ವರ್ಷ ಹಾಗಾಗಬಾರದು ಅಂದುಕೊಂಡೆ. ಮುಂದಿನ ವರ್ಷವೂ ಇವರೇ ಗೆಲ್ಲುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಅಂಕಣಕ್ಕಿಳಿಯುವ ಐವರಲ್ಲಿ ಮೂವರು ಆಗಲೇ ಬಿಟ್ಟುಹೋಗಿದ್ದರು.

ಹೊಸಬರಿಗೆ ಒಂದು ಮಾತು. ವಿದ್ಯಾರ್ಥಿಗಳ ಸೀಸನ್ ಟಿಕೆಟ್ ಆನ್‌ಲೈನಿನಲ್ಲಿ ಮಾರುತ್ತಾರೆ, ಬೇಗ ಖಾಲಿಯಾಗುತ್ತದೆ. ಕಾಲೇಜಿನಿಂದ ಬರುವ ಇಮೇಲ್‌ಗಳನ್ನು ಜಾಹೀರಾತು ಅಂತ ಅಳಿಸಬೇಡಿ. ಮೊದಲ ವರ್ಷ ನಾನು ಮಾಡಿದ್ದು ಅದನ್ನೇ. ಟಿಕೆಟ್ ಇದ್ದಮಾತ್ರಕ್ಕೆ ಒಳ್ಳೆಯ ಜಾಗ ಸಿಗುವುದಿಲ್ಲ. ಗ್ಯಾಂಪಲ್ ಪೆವಿಲಿಯನ್ ಅನ್ನುವ ಗುಮ್ಮಟದೊಳಗೆ ಹತ್ತು ಸಾವಿರ ಜನಕ್ಕೆ ಸ್ವಲ್ಪ ಮೇಲೆ ಹಿಡಿಯುತ್ತದೆ. ವಿದ್ಯಾರ್ಥಿಗಳಲ್ಲಿ ಮೊದಲು ಬಂದವರಿಗೆ ಮುಂದಿನ ಸಾಲು. 2024ರ ಜನವರಿ 17ರಂದು ಕ್ರೈಟನ್ ತಂಡದ ವಿರುದ್ಧ ಪಂದ್ಯವಿತ್ತು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಮೂರು ಗಂಟೆ ಹೊರಗೆ ನಿಂತೆ. ಎರಡು ಜೊತೆ ಕಾಲುಚೀಲ ಹಾಕಿದ್ದರೂ ಬೆರಳು ಮರಗಟ್ಟಿ ಹೋಯಿತು. ಚಳಿಗೆ ಕಾಲುಚೀಲಕ್ಕಿಂತ ಮುಖ್ಯ ಕಾಲಡಿಗೆ ಹಾಕುವ ರಟ್ಟು. ಹಳೇ ಪಿಜ್ಜಾ ಡಬ್ಬಿ ಹರಿದು ಅದರ ಮೇಲೆ ನಿಂತುಕೊಳ್ಳಿ. ಇದನ್ನು ಹೇಳಿಕೊಟ್ಟವನು ನಮ್ಮ ಲ್ಯಾಬಿನ ಅಮೆರಿಕನ್ ಹುಡುಗ, ಇದೇ ರಾಜ್ಯದವನು. ಆ ಸಾಲಿನಲ್ಲೇ ಸಿಕ್ಕವನು ಧಾರವಾಡದ ಹುಡುಗ. ಹಿಂದಿನಿಂದ ಯಾರೋ 'ಎಪ್ಪಾ, ಸತ್ತೆ' ಅಂದಿದ್ದು ಕೇಳಿ ತಿರುಗಿ ನೋಡಿದೆ. ಒಂದೂವರೆ ವರ್ಷ ಒಂದೇ ಕ್ಯಾಂಪಸ್ಸಿನಲ್ಲಿದ್ದೂ ನಮಗೆ ಪರಿಚಯವಿರಲಿಲ್ಲ.

ಆ ದಿನ ನಮ್ಮವರು 62-48ರಿಂದ ಗೆದ್ದರು. ಪಿಯುಸಿಯಲ್ಲಿ ಕಾಲೇಜು ತಂಡದ ಬೆಂಚು ಕಾಯಿಸಿದವನು ನಾನು, ಆಟ ಒಂದಿಷ್ಟು ಗೊತ್ತು. ಆದರೂ ಇಲ್ಲಿನ ಲೆಕ್ಕಕ್ಕೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು. ನಮ್ಮಲ್ಲಿ ಹತ್ತು ನಿಮಿಷದ ನಾಲ್ಕು ಪಾಳಿ, ಇಲ್ಲಿ ಗಂಡಸರ ಕಾಲೇಜು ಆಟದಲ್ಲಿ 20 ನಿಮಿಷದ ಎರಡು ಅರ್ಧ. ನಮ್ಮಲ್ಲಿ 24 ಸೆಕೆಂಡಿನೊಳಗೆ ಚೆಂಡು ಎಸೆಯಬೇಕು, ಇಲ್ಲಿ 30 ಸೆಕೆಂಡು. ಆ ಹೆಚ್ಚಿನ ಆರು ಸೆಕೆಂಡಿನಲ್ಲಿ ಈ ತಂಡ ಏನು ಮಾಡುತ್ತಿತ್ತು ಅಂತ ನೋಡಬೇಕಿತ್ತು ನೀವು. ಒಬ್ಬ ಓಡುತ್ತಾನೆ, ಇನ್ನೊಬ್ಬ ಅಡ್ಡ ನಿಲ್ಲುತ್ತಾನೆ, ಮೂರನೆಯವನು ಹಿಂದಿನಿಂದ ಬರುತ್ತಾನೆ. ಎದುರಾಳಿ ಯಾರನ್ನು ಹಿಡಿಯಬೇಕು ಅಂತ ಯೋಚಿಸುವಷ್ಟರಲ್ಲಿ ಚೆಂಡು ಬುಟ್ಟಿಯಲ್ಲಿ. ಅಂಕಣದ ಪಕ್ಕದಲ್ಲಿ ಕೋಚ್ ಡ್ಯಾನ್ ಹರ್ಲಿ ಅಷ್ಟೇ ಓಡುತ್ತಿದ್ದರು. ಆ ಮನುಷ್ಯನಿಗೆ ಗೆಲ್ಲುತ್ತಿದ್ದರೂ ಸಮಾಧಾನ ಇಲ್ಲ.

ಇಡೀ ಋತುವಿನಲ್ಲಿ ಸೋತಿದ್ದು ಮೂರೇ ಸಲ. ಡಿಸೆಂಬರಿನಲ್ಲಿ ಕ್ಯಾನ್ಸಸ್ ಮತ್ತು ಸೀಟನ್ ಹಾಲ್ ವಿರುದ್ಧ, ಫೆಬ್ರವರಿ 20ರಂದು ಅದೇ ಕ್ರೈಟನ್ ವಿರುದ್ಧ ಅವರ ಊರಿನಲ್ಲಿ, 85-66. ಆ ರಾತ್ರಿ ಧಾರವಾಡದವನು ಊಟ ಮಾಡಲಿಲ್ಲ. ಮೂರು ದಿನ ಮೊದಲಷ್ಟೇ ಹಾರ್ಟ್‌ಫರ್ಡಿನಲ್ಲಿ ಮಾರ್ಕೆಟ್ ವಿಶ್ವವಿದ್ಯಾಲಯದ ತಂಡವನ್ನು 81-53ರಿಂದ ಚಚ್ಚಿದ್ದನ್ನು ಇಬ್ಬರೂ ಕಣ್ಣಾರೆ ನೋಡಿ ಬಂದಿದ್ದೆವು. ಆಮೇಲೆ ಇವರು ಸೋಲಲೇ ಇಲ್ಲ.

ಮಾರ್ಚ್ ತಿಂಗಳ ಕಥೆ ಬೇರೆ. ದೇಶದ 68 ಕಾಲೇಜು ತಂಡಗಳು, ಒಮ್ಮೆ ಸೋತರೆ ಮನೆಗೆ. 68ರಲ್ಲೇ ನಮ್ಮದಕ್ಕೆ ಮೊದಲ ಸ್ಥಾನ ಕೊಟ್ಟಿದ್ದರು. ಬ್ರೂಕ್ಲಿನ್‌ನಲ್ಲಿ ಎರಡು ಪಂದ್ಯ, ಬಾಸ್ಟನ್‌ನಲ್ಲಿ ಎರಡು. ಎರಡೂ ಊರು ಹತ್ತಿರವೇ, ಆದರೆ ಟಿಕೆಟ್ ಬೆಲೆ ನೋಡಿ ಸುಮ್ಮನಾದೆ. ಸುಮ್ಮನಾಗಿದ್ದು ಒಳ್ಳೆಯದೇ ಆಯಿತು. ನಿಮ್ಮ ಹತ್ತಿರ ಒಂದೇ ಸಲಕ್ಕಾಗುವಷ್ಟು ದುಡ್ಡಿದ್ದರೆ ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ ನಾನು. ನನ್ನ ಲ್ಯಾಬಿನ ಹುಡುಗ ಇದಕ್ಕೆ ಒಪ್ಪುವುದಿಲ್ಲ. 'ಸೋತುಬಿಟ್ಟರೆ?' ಅಂತಾನೆ. ಅವನು ಬ್ರೂಕ್ಲಿನ್‌ಗೂ ಹೋಗಿ ಬಂದ.

ಮಾರ್ಚ್ 30, ಶನಿವಾರ ಸಂಜೆ ಇಲಿನಾಯ್ ವಿರುದ್ಧ ಪಂದ್ಯ. ಗೆದ್ದರೆ ಕೊನೆಯ ನಾಲ್ಕರಲ್ಲಿ ಜಾಗ. ನನಗೆ ಊಟದ ಹಾಲ್‌ನಲ್ಲಿ ಪಾಳಿ. ಫೋನನ್ನು ಸೋಪಿನ ಡಬ್ಬಿಗೆ ಒರಗಿಸಿ ಕದ್ದು ನೋಡುತ್ತಿದ್ದೆ. 23-23 ಸಮ. ಅಷ್ಟರಲ್ಲಿ ಮೇಲ್ವಿಚಾರಕಿ ಬಂದು, ದೊಡ್ಡ ತಟ್ಟೆಗಳ ಗಾಡಿ ಒಳಗೆ ತಗೊಂಡು ಹೋಗು ಅಂದರು. ಹೋದೆ. ತಿಕ್ಕಿದೆ, ತೊಳೆದೆ, ಒರೆಸಿದೆ. ವಾಪಸ್ ಬಂದು ನೋಡಿದರೆ 53-23. ಫೋನ್ ಕೆಟ್ಟಿದೆ ಅಂದುಕೊಂಡೆ. ಇಲ್ಲ, ನಿಜವಾಗಿ ಒಂದರ ಹಿಂದೊಂದು 30 ಪಾಯಿಂಟು, ಎದುರಾಳಿಗೆ ಸೊನ್ನೆ. ಡಾನವನ್ ಕ್ಲಿಂಗನ್ ಅನ್ನುವ ಏಳಡಿ ಎರಡಿಂಚಿನ ಹುಡುಗ ಬುಟ್ಟಿಯ ಕೆಳಗೆ ಗೋಡೆ ಕಟ್ಟಿದಂತೆ ನಿಂತಿದ್ದನಂತೆ. ಆ ವರ್ಷದ ಅತಿ ದೊಡ್ಡ ಅರ್ಧ ಗಂಟೆಯನ್ನು ನಾನು ತಟ್ಟೆ ತಿಕ್ಕುತ್ತ ಕಳೆದೆ. ಕೊನೆಗೆ 77-52.

ಅಲ್ಲಿಂದ ಶುರುವಾಯಿತು ನಿಜವಾದ ಒದ್ದಾಟ. ಕೊನೆಯ ನಾಲ್ಕು ತಂಡಗಳ ಪಂದ್ಯ ಅರಿಜೋನಾದ ಗ್ಲೆಂಡೇಲ್‌ನಲ್ಲಿ, ದೇಶದ ಇನ್ನೊಂದು ಮೂಲೆಯಲ್ಲಿ. ಏಪ್ರಿಲ್ 6 ಶನಿವಾರ ಸೆಮಿಫೈನಲ್, 8 ಸೋಮವಾರ ಫೈನಲ್. ವಿದ್ಯಾರ್ಥಿಗಳಿಗೆ ಅಂತ ಕೆಲವು ಸೀಟು ಬುಟ್ಟಿಯ ಹಿಂದೆ ಇರುತ್ತವೆ, ಬೆಲೆಯೂ ಕಮ್ಮಿ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ವಿಮಾನದ ಬೆಲೆಯೋ, ಪಂದ್ಯ ಮುಗಿದ ಗಂಟೆಯಿಂದಲೇ ಏರುತ್ತಿದೆ. ಮೊದಲು ವಿಮಾನವೋ, ಮೊದಲು ಟಿಕೆಟ್ಟೋ?

ಧಾರವಾಡದವನು ಹೇಳಿದ, 'ವಿಮಾನ ಮೊದ್ಲ ತಗೊಂಡ್ಬಿಡೂಣು. 24 ತಾಸಿನ್ಯಾಗ ಕ್ಯಾನ್ಸಲ್ ಮಾಡಿದ್ರ ಪೂರ್ತಿ ರೊಕ್ಕ ವಾಪಸ್ ಬರ್ತೈತಿ.' ಅಮೆರಿಕದಲ್ಲಿ ಅಂಥ ನಿಯಮ ಇರುವುದು ನಿಜ. ಶನಿವಾರ ರಾತ್ರಿಯೇ ನಾನು, ಅವನು, ಲ್ಯಾಬಿನ ಹುಡುಗ, ಮೂವರಿಗೂ ಅವನೇ ಬುಕ್ ಮಾಡಿದ. ಒಬ್ಬೊಬ್ಬರಿಗೆ 612 ಡಾಲರ್, ಮಧ್ಯದಲ್ಲಿ ಒಂದು ಕಡೆ ಬದಲಿಸಬೇಕು. ಬುಕ್ ಮಾಡಿದ ಮೇಲೆ ನಿಯಮದ ಮುಂದಿನ ಸಾಲು ಓದಿದೆವು. ಪ್ರಯಾಣಕ್ಕೆ ಏಳು ದಿನವಾದರೂ ಇರಬೇಕು, ಆಗ ಮಾತ್ರ ಆ ಸೌಲಭ್ಯ. ನಮ್ಮ ಪ್ರಯಾಣ ಏಪ್ರಿಲ್ 5ಕ್ಕೆ. ಆರೇ ದಿನ. ಕೆಲವು ಕಂಪನಿಗಳು ಅದನ್ನೂ ನೋಡದೆ ವಾಪಸ್ ಕೊಡುತ್ತವಂತೆ, ನಮ್ಮದು ಕೊಡುವ ಪೈಕಿ ಅಲ್ಲ. ಹಾಗಾಗಿ ಪಂದ್ಯದ ಟಿಕೆಟ್ ಕೈಯಲ್ಲಿಲ್ಲದೆ, ವಾಪಸ್ ಬಾರದ ವಿಮಾನದ ಟಿಕೆಟ್ ಇಟ್ಟುಕೊಂಡು ಮಲಗಿದೆವು. ಮಲಗಿದೆವು ಅಂದೆನಲ್ಲ, ನಿದ್ದೆ ಬಂತು ಅಂತ ಅರ್ಥವಲ್ಲ.

ಬೆಳಗ್ಗೆ ಎದ್ದರೆ ಇನ್ನೊಂದು ಗಂಡಾಂತರ. ನನಗೆ ಮೇ ತಿಂಗಳಲ್ಲಿ ಓದು ಮುಗಿಯುತ್ತದೆ. ಆಮೇಲೆ ಇಲ್ಲಿ ಕೆಲಸ ಮಾಡಬೇಕು ಅಂದರೆ ಓಪಿಟಿ ಅನುಮತಿ ಬೇಕು, ಅದಕ್ಕೆ ಐ-765 ಅರ್ಜಿ. ಆಗ ಅದರ ಶುಲ್ಕ 410 ಡಾಲರ್. ಏಪ್ರಿಲ್ 1ರಿಂದ ಆನ್‌ಲೈನ್ ಅರ್ಜಿಗೆ 470 ಆಗುತ್ತದೆ ಅಂತ ತಿಂಗಳಿಂದ ಹೇಳುತ್ತಲೇ ಇದ್ದರು. ನಾನು ನಾಳೆ ನಾಳೆ ಅಂತ ತಳ್ಳಿ ಮಾರ್ಚ್ 31ಕ್ಕೆ ತಂದು ನಿಲ್ಲಿಸಿದ್ದೆ. ಕ್ರೆಡಿಟ್ ಕಾರ್ಡಿನ ಮಿತಿ ಸಾವಿರ ಡಾಲರ್. 612 ಆಗಲೇ ಹೋಗಿದೆ. ಇನ್ನು 410 ಹಾಕಿದರೆ 1,022. ಬರೀ 22 ಡಾಲರಿಗೆ ಕಾರ್ಡು ಕೈಕೊಟ್ಟಿತು! ಡೆಬಿಟ್ ಕಾರ್ಡಿನಲ್ಲಿ ಬಾಡಿಗೆಗೆ ಅಂತ ಇಟ್ಟಿದ್ದ ದುಡ್ಡು ಎತ್ತಿದೆ. ಎರಡಿಂಚು ಚೌಕದ ಫೋಟೊ, ಪಾಸ್‌ಪೋರ್ಟ್, ವೀಸಾ, ದೇಶದೊಳಗೆ ಬಂದ ದಾಖಲೆಯಾದ ಐ-94, ಕಾಲೇಜಿನವರು ಓಪಿಟಿ ಶಿಫಾರಸು ಬರೆದು ಕೊಟ್ಟ ಹೊಸ ಐ-20 ಅನ್ನುವ ವಿದ್ಯಾರ್ಥಿ ಪತ್ರ. ಎಲ್ಲ ಏರಿಸಿ ಕಳಿಸುವಾಗ ರಾತ್ರಿ ಹತ್ತೂವರೆ. ಕಾಲೇಜಿನವರು ಓಪಿಟಿ ಶಿಫಾರಸು ದಾಖಲಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು ಅನ್ನುವುದನ್ನು ಮರೆಯಬೇಡಿ. ಬಾಸ್ಕೆಟ್‌ಬಾಲ್‌ಗೂ ಇದಕ್ಕೂ ಸಂಬಂಧವಿಲ್ಲ ಅನ್ನಬಹುದು. ಆದರೆ ಕೊನೆಯ ಸೆಮಿಸ್ಟರಿನವರಿಗೆ ಎರಡೂ ಒಂದೇ ವಾರದಲ್ಲಿ ಬರುತ್ತವೆ, ಒಂದೇ ಜೇಬಿನಿಂದ ಹೋಗುತ್ತವೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. 'ಇನ್ನಾ ಕೆಲಸ ಸಿಕ್ಕಿಲ್ಲ, ಬಾಲಾಟ ನೋಡಾಕೆ ವಿಮಾನದಾಗ ಹೊಂಟೀಯೇನೋ?' ಅಂದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು, 'ಊಟಕ್ಕೆ ಏನ್ ಮಾಡ್ತೀ ಅಲ್ಲಿ?' ಅಂತ ಕೇಳಿದಳು. ಒಪ್ಪಿಗೆ ಸಿಕ್ಕಿತು ಅಂತ ಅರ್ಥ.

ಸೋಮವಾರ, ಏಪ್ರಿಲ್ 1. ಟಿಕೆಟ್ ಮಾರಾಟದ ಲಿಂಕ್ ತೆರೆದ ಹೊತ್ತಿಗೆ ಮೂವರೂ ಮೂರು ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆವು. ಪರದೆಯ ಮೇಲೆ ಸಾಲು, ನಮ್ಮ ಮುಂದೆ ನೂರಾರು ಜನ. ಪುಟ ರಿಫ್ರೆಶ್ ಮಾಡಬೇಡಿ, ಇದ್ದ ಜಾಗವೂ ಹೋದೀತು. ನಲವತ್ತು ನಿಮಿಷ ಮೌಸ್ ಮುಟ್ಟದೆ ಕೂತೆವು. ಮೊದಲು ಧಾರವಾಡದವನಿಗೆ ಸಿಕ್ಕಿತು, ಆಮೇಲೆ ಲ್ಯಾಬಿನವನಿಗೆ. ನನ್ನದು ಸುತ್ತುತ್ತಲೇ ಇತ್ತು. ಆ ಏಳು ನಿಮಿಷದಲ್ಲಿ 612 ಡಾಲರ್ ಕೊಟ್ಟು ಅರಿಜೋನಾದ ಮರಳುಗಾಡು ನೋಡಿ ಬರುವ ಎಲ್ಲ ದಾರಿಗಳನ್ನೂ ಯೋಚಿಸಿಬಿಟ್ಟೆ. ಸಿಕ್ಕಾಗ ಮೂರ್ಖರ ದಿನದ ಕುಚೇಷ್ಟೆ ಇರಬಹುದು ಅಂತ ಎರಡು ಸಲ ಇಮೇಲ್ ಓದಿದೆ. ವಿಮಾನದ ಬೆಲೆಯ ಮುಂದೆ ಈ ಟಿಕೆಟ್ಟಿನ ಬೆಲೆ ಏನೂ ಅಲ್ಲ.

ಬರುವ ದಾರಿಗೆ ಯಾವ ದಿನದ ವಿಮಾನ ಅನ್ನುವುದು ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ. ಸೆಮಿಫೈನಲ್ ಸೋತರೆ ಸೋಮವಾರದ ಪಂದ್ಯದಲ್ಲಿ ನಿಮಗೆ ಕೆಲಸವಿಲ್ಲ. ಭಾನುವಾರದ ವಿಮಾನ ತಗೊಂಡು, ಗೆದ್ದರೆ ಬದಲಿಸೋಣ ಅಂತ ಕೆಲವರು ಯೋಚಿಸಿದರು. ನಾವು ಮಂಗಳವಾರದ್ದೇ ತಗೊಂಡೆವು. ಗೆದ್ದ ರಾತ್ರಿ ವಿಮಾನದ ಬೆಲೆ ನೋಡಿದವರ ಮುಖ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮಂಗಳವಾರ, ಬುಧವಾರ ಪಾಳಿ ಹೊಂದಿಸುವುದರಲ್ಲೇ ಹೋಯಿತು. ನಾಲ್ಕು ಪಾಳಿ, ನಾಲ್ಕು ಜನರ ಕಾಲು. ನಮ್ಮ ಗುಂಟೂರಿನ ರೂಮ್‌ಮೇಟ್ ಒಂದು ವಹಿಸಿಕೊಂಡ. ಬುಧವಾರ ರಾತ್ರಿ ತಂಡದ ವಿಮಾನವೇ ಬರಲಿಲ್ಲ ಅಂತ ಸುದ್ದಿ. ಗಂಟೆಗಟ್ಟಲೆ ಕಾದು ಅವರು ಅರಿಜೋನಾ ಮುಟ್ಟಿದಾಗ ಅಲ್ಲಿನ ಬೆಳಗಿನ ಜಾವ ಮೂರು ಗಂಟೆಯ ಸುಮಾರು. ಚಾಂಪಿಯನ್ನರ ಗತಿಯೇ ಹೀಗಾದರೆ ನಮ್ಮದೇನು ಅಂದುಕೊಂಡೆ. ಬಾಯಿಗೆ ಹುಳ ಬೀಳಲಿ.

ಶುಕ್ರವಾರ ಬೆಳಗ್ಗೆ ಸ್ಟಾರ್ಸ್‌ನಿಂದ ಹಾರ್ಟ್‌ಫರ್ಡ್‌ಗೆ ಬಸ್ಸು, ಅಲ್ಲಿಂದ ಬ್ರ್ಯಾಡ್ಲಿ ವಿಮಾನ ನಿಲ್ದಾಣಕ್ಕೆ ಇನ್ನೊಂದು ಬಸ್ಸು. ವಿದ್ಯಾರ್ಥಿಗಳ ಯು-ಪಾಸ್ ಇದ್ದರೆ ಎರಡಕ್ಕೂ ಕಾಸಿಲ್ಲ. ಇದು ಗೊತ್ತಿಲ್ಲದೆ ಟ್ಯಾಕ್ಸಿಗೆ ದುಡ್ಡು ಸುರಿಯುವವರು ನಮ್ಮಲ್ಲಿ ಬಹಳ ಇದ್ದಾರೆ. ನಿಲ್ದಾಣ ಮುಟ್ಟಿ ಯಂತ್ರದಲ್ಲಿ ಬೋರ್ಡಿಂಗ್ ಪಾಸ್ ತೆಗೆಯಲು ಹೋದರೆ, ಅವರಿಬ್ಬರದು ಬಂತು, ನನ್ನದು ಬರಲಿಲ್ಲ.

ಕಾರಣ ನನ್ನ ಹೆಸರು. ನಮ್ಮ ಕಡೆ ಮನೆಯ ಹೆಸರು ಅಂತ ಪ್ರತ್ಯೇಕ ಇಲ್ಲದವರು ತುಂಬ ಜನ. ಇನಿಷಿಯಲ್ ಇರುತ್ತದೆ, ಆಮೇಲೆ ಹೆಸರು, ಅಷ್ಟೇ. ನನ್ನ ಪಾಸ್‌ಪೋರ್ಟಿನಲ್ಲಿ 'ಮಂಜುನಾಥ' ಅಂತ ಒಂದೇ ಇದೆ, ಸರ್‌ನೇಮ್ ಜಾಗ ಖಾಲಿ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ಆ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಎರಡು ವರ್ಷದಿಂದ ಲ್ಯಾಬಿನಲ್ಲಿ ನನ್ನನ್ನು 'ಫ್ನೂ' ಅಂತಲೇ ಕರೆಯುತ್ತಾರೆ. ಧಾರವಾಡದವನು ಟಿಕೆಟ್ ಬುಕ್ ಮಾಡುವಾಗ ಜಾಣತನ ಮಾಡಿ, ಫ್ನೂ ಅಂದರೆ ಚೆನ್ನಾಗಿರಲ್ಲ ಅಂತ ಎರಡೂ ಕಡೆ ಮಂಜುನಾಥ ಅಂತ ಬರೆದಿದ್ದ. ಮಂಜುನಾಥ ಮಂಜುನಾಥ. ಕೌಂಟರಿನಲ್ಲಿದ್ದಾಕೆ ಪಾಸ್‌ಪೋರ್ಟ್ ನೋಡುತ್ತಾಳೆ, ಪರದೆ ನೋಡುತ್ತಾಳೆ, ಮತ್ತೆ ಪಾಸ್‌ಪೋರ್ಟ್ ನೋಡುತ್ತಾಳೆ. ಮೇಲಿನವರಿಗೆ ಫೋನ್ ಮಾಡಿದಳು. ಅವರು ಇನ್ನೂ ಮೇಲಿನವರಿಗೆ. ಐವತ್ತು ನಿಮಿಷ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದೆ. ಧಾರವಾಡದವನು ನನ್ನ ಕಣ್ಣು ತಪ್ಪಿಸಿ ಕಾಫಿ ಅಂಗಡಿ ಕಡೆ ಹೋದ. ಕೊನೆಗೆ ಹೆಸರು ತಿದ್ದಿ ಕೊಟ್ಟರು, ದುಡ್ಡು ಕೇಳಲಿಲ್ಲ. ವಿಮಾನಕ್ಕೆ ಇನ್ನೂ ಸಮಯವಿತ್ತು, ಎರಡೂವರೆ ಗಂಟೆ ಮೊದಲೇ ಬಂದಿದ್ದೆವಲ್ಲ. ಇನ್ನೂ ಊರಿನಲ್ಲೇ ಇದ್ದು ಪಾಸ್‌ಪೋರ್ಟ್ ಮಾಡಿಸುವವರು ದಯವಿಟ್ಟು ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಅಪ್ಪನ ಹೆಸರೋ ಊರಿನ ಹೆಸರೋ ಏನಾದರೂ ತುಂಬಿಸಿ.

ಫೀನಿಕ್ಸ್‌ನಲ್ಲಿ ಹೋಟೆಲಿನ ಮಾತೇ ಇರಲಿಲ್ಲ. ಟೆಂಪಿಯಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಇದೆ, ನಮ್ಮವರು ಬೇಕಾದಷ್ಟು. ನನ್ನ ಇಂಜಿನಿಯರಿಂಗ್ ಸಹಪಾಠಿಯ ಮನೆಯ ನೆಲ ನಮಗೆ ಸಿಕ್ಕಿತು. ನಿಲ್ದಾಣದಿಂದ ಅಲ್ಲಿಗೆ ಟ್ರೈನಿನಲ್ಲಿ ಎರಡೇ ಡಾಲರ್. ಆದರೆ ಎಚ್ಚರ, ಆ ಟ್ರೈನು ಕ್ರೀಡಾಂಗಣಕ್ಕೆ ಹೋಗುವುದಿಲ್ಲ. ಟೆಂಪಿ ಒಂದು ತುದಿ, ಗ್ಲೆಂಡೇಲ್ ಇನ್ನೊಂದು ತುದಿ. ಶನಿವಾರ ರಾತ್ರಿ ಪಂದ್ಯ ಬಿಟ್ಟ ಮೇಲೆ ಟ್ಯಾಕ್ಸಿ ಆ್ಯಪ್ ತೆರೆದರೆ 118 ಡಾಲರ್. ಒಂದು ಗಂಟೆ ಕಾದರೂ ಇಳಿಯಲಿಲ್ಲ. ಮೂವರು ಹಂಚಿಕೊಂಡೆವು. ಕಾರಿರುವ ಗೆಳೆಯ ಸಿಗುವುದಾದರೆ ಮೊದಲೇ ಅವನಿಗೆ ಒಂದು ಊಟ ಹಾಕಿಸಿ.

ನಾವು ಮುಟ್ಟಿದ ಸಂಜೆಯೇ ನಮ್ಮ ಹುಡುಗಿಯರ ತಂಡಕ್ಕೆ ಕ್ಲೀವ್‌ಲ್ಯಾಂಡಿನಲ್ಲಿ ಸೆಮಿಫೈನಲ್. ಅಯೋವಾ ವಿರುದ್ಧ ಕೊನೆಯ ಸೆಕೆಂಡುಗಳಲ್ಲಿ ಒಂದು ಫೌಲ್ ಕೊಟ್ಟರು, 71-69ಕ್ಕೆ ಸೋತರು. ಆ ಫೌಲಿನ ಬಗ್ಗೆ ಲ್ಯಾಬಿನವನು ಇವತ್ತಿಗೂ ಮಾತಾಡುತ್ತಾನೆ. ಮಾತಾಡದಿರುವುದೇ ವಾಸಿ.

ಶನಿವಾರ ಕ್ರೀಡಾಂಗಣದ ಬಾಗಿಲಲ್ಲಿ ನನ್ನ ಬ್ಯಾಗು ತಡೆದರು. ಒಳಗೆ ಏನಿದೆ ಅಂತ ಹೊರಗೇ ಕಾಣುವ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆ. ನನ್ನದು ಊರಿನಿಂದ ತಂದ ಕರಿ ಬ್ಯಾಗು, ಒಳಗೆ ಡಬ್ಬಿಯಲ್ಲಿ ಚಿತ್ರಾನ್ನ. ಬೇಲಿಯ ಪಕ್ಕ ನಿಂತುಕೊಂಡು ಮೂವರೂ ಗಬಗಬ ತಿಂದೆವು. ಬ್ಯಾಗನ್ನು ಏನು ಮಾಡುವುದು? ಸಹಪಾಠಿ ನಮ್ಮನ್ನು ಬಿಟ್ಟು ಹೊರಟಿದ್ದ, ಅರ್ಧ ದಾರಿಯಿಂದ ವಾಪಸ್ ಕರೆಸಿದೆ. ಅವನು ಬೈದಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಟಿಕೆಟ್ ಇರುವುದು ಫೋನಿನಲ್ಲಿ, ಚಾರ್ಜು ಮುಗಿದರೆ ಕತೆ ಮುಗಿಯಿತು. ಪವರ್ ಬ್ಯಾಂಕನ್ನು ಜೇಬಿನಲ್ಲಿಡಿ, ಬ್ಯಾಗಿನಲ್ಲಲ್ಲ.

ಅದು ಅಮೆರಿಕನ್ ಫುಟ್‌ಬಾಲ್‌ಗೆ ಕಟ್ಟಿದ ಕ್ರೀಡಾಂಗಣ. 74 ಸಾವಿರಕ್ಕೂ ಹೆಚ್ಚು ಜನ. ಮಧ್ಯದಲ್ಲಿ ನಾಟಕದ ರಂಗದಂತೆ ಎತ್ತರಿಸಿದ ಅಂಕಣ. ವಿದ್ಯಾರ್ಥಿಗಳ ಜಾಗ ಬುಟ್ಟಿಗೆ ಹತ್ತಿರ ಅಂತ ಹಿಗ್ಗಿದ್ದೆ. ಹತ್ತಿರದ ಬುಟ್ಟಿ ಚೆನ್ನಾಗಿ ಕಾಣುತ್ತದೆ, ಆ ಕಡೆಯ ಬುಟ್ಟಿಯಲ್ಲಿ ಏನಾಗುತ್ತಿದೆ ಅಂತ ಮೇಲಿನ ಪರದೆ ನೋಡಿಯೇ ತಿಳಿಯಬೇಕು. ಕೂರುವ ಪ್ರಶ್ನೆಯೇ ಇಲ್ಲ, ಪೂರ್ತಿ ಹೊತ್ತು ನಿಂತೇ ಇರಬೇಕು. ಮೊದಲ ಪಂದ್ಯದಲ್ಲಿ ಪರ್ಡ್ಯೂ ಗೆದ್ದಿತು. ಎರಡನೆಯದು ನಮ್ಮದು, ಅಲಬಾಮಾ ವಿರುದ್ಧ. ಅವರು ಮೊದಲ ಅರ್ಧದಲ್ಲಿ ಮೂರು ಪಾಯಿಂಟಿನ ಎಸೆತ 11ರಲ್ಲಿ 8 ಹಾಕಿಬಿಟ್ಟರು. ಎರಡನೇ ಅರ್ಧದಲ್ಲಿ 56-56. ಆ ಹೊತ್ತಿನಲ್ಲಿ ನನಗೆ ನೆನಪಾಗಿದ್ದು ಆಟವಲ್ಲ, ಮಂಗಳವಾರದ ವಾಪಸ್ ವಿಮಾನ. ಸೋತರೆ ಮೂರು ದಿನ ಈ ಊರಿನಲ್ಲಿ ಏನು ಮಾಡುವುದು? ಆದರೆ ಮೊದಲ ವರ್ಷದ ಹುಡುಗ ಸ್ಟೀಫನ್ ಕಾಸಲ್ ಒಬ್ಬನೇ 21 ಪಾಯಿಂಟು ಎತ್ತಿದ. 86-72.

ಸೋಮವಾರ ಅಮಾವಾಸ್ಯೆ. ಸಾಲದ್ದಕ್ಕೆ ಸೂರ್ಯಗ್ರಹಣ. ಟೆಕ್ಸಸ್‌ನಿಂದ ಮೇನ್‌ವರೆಗೆ ಖಗ್ರಾಸ, ನಾವಿದ್ದ ಕಡೆ ಅರ್ಧಕ್ಕಿಂತ ಜಾಸ್ತಿ. ಅಮ್ಮನ ಫೋನು, 'ಗ್ರಹಣ ಐತಂತಲ್ಲೋ ಅಲ್ಲಿ, ಹೊರಗ ಹೋಗಬ್ಯಾಡ. ನಿಮ್ಮಜ್ಜಿ ಹೇಳಾಕ ಹತ್ಯಾಳ.' ಇಂಡಿಯಾದಲ್ಲಿ ಅದು ಕಾಣಿಸುವುದೇ ಇಲ್ಲ, ಆದರೂ ಅಜ್ಜಿಗೆ ಮೊಮ್ಮಗನ ತಲೆಯ ಮೇಲಿನ ಗ್ರಹಣದ ಚಿಂತೆ. ಸಂಜೆಗೆ ಬಿಟ್ಟಿರುತ್ತದೆ ಅಜ್ಜಿ ಅಂದೆ. ಹಗಲು ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ನೆಲದ ಮೇಲೆ ಕಚ್ಚಿದ ಬಿಸ್ಕತ್ತಿನಂಥ ಸೂರ್ಯನನ್ನು ನೋಡಿದೆವು. ಅಷ್ಟರಲ್ಲಿ ರೂಮ್‌ಮೇಟ್ ಸ್ಟಾರ್ಸ್‌ನಿಂದ ಫೋಟೊ ಕಳಿಸಿದ. ಈ ಸಲ ಕಾಲೇಜಿನವರು ಮೊದಲೇ ದೀಪದ ಕಂಬಗಳನ್ನು ತೆಗೆಸಿಬಿಟ್ಟಿದ್ದರು. ಗೆಲ್ಲುತ್ತೇವೆ ಅನ್ನುವ ನಂಬಿಕೆ ಅಂದರೆ ಇದು.

ಫೈನಲ್ ಶುರುವಾಗಿದ್ದು ಅಲ್ಲಿನ ಸಂಜೆ 6.20ಕ್ಕೆ. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ, ಹಾಗಾಗಿ ಕನೆಕ್ಟಿಕಟ್ಟಿಗಿಂತ ಮೂರು ಗಂಟೆ ಹಿಂದೆ. ಇದು ನನಗೆ ಯಾಕೆ ಮುಖ್ಯ ಅಂದರೆ, ಅವತ್ತೇ ರಾತ್ರಿ 11.59ಕ್ಕೆ ಒಂದು ಅಸೈನ್‌ಮೆಂಟ್ ಕೊಡಬೇಕಿತ್ತು. ಕನೆಕ್ಟಿಕಟ್ಟಿನ 11.59. ಅಂದರೆ ಗ್ಲೆಂಡೇಲಿನ 8.59. ದಾವಣಗೆರೆಯಲ್ಲಿ ಆಗ ಮಂಗಳವಾರ ಬೆಳಗ್ಗೆ, ಏಪ್ರಿಲ್ 9, ಉಗಾದಿ.

ಪರ್ಡ್ಯೂ ತಂಡದಲ್ಲಿ ಜ್ಯಾಕ್ ಈಡಿ ಅಂತ ಏಳಡಿ ನಾಲ್ಕಿಂಚಿನ ಆಸಾಮಿ. ಅವನನ್ನು ತಡೆಯಲು ಇಬ್ಬರು ಮೂವರು ಮುತ್ತಿಕೊಳ್ಳುತ್ತಾರೆ, ಆಗ ಹೊರಗೆ ನಿಂತವರು ಆರಾಮಾಗಿ ಮೂರು ಪಾಯಿಂಟು ಹಾಕುತ್ತಾರೆ. ಇದೇ ಅವರ ಆಟ. ಹರ್ಲಿ ಏನು ಮಾಡಿದರು ಅಂದರೆ, ಈಡಿಯನ್ನು ಬಹುಪಾಲು ಒಬ್ಬನಿಗೇ ಬಿಟ್ಟರು. ಹಾಕಿಕೋ, ಎಷ್ಟು ಬೇಕೋ ಹಾಕಿಕೋ. ಉಳಿದ ನಾಲ್ವರು ಹೊರಗಿನವರಿಗೆ ಅಂಟಿಕೊಂಡರು. ಈಡಿ 37 ಪಾಯಿಂಟು ಹಾಕಿದ. ಅವನ ತಂಡಕ್ಕೆ ಇಡೀ ಪಂದ್ಯದಲ್ಲಿ ಮೂರು ಪಾಯಿಂಟಿನ ಎಸೆತ ಎಸೆಯಲು ಸಿಕ್ಕಿದ್ದು ಏಳು, ಬಿದ್ದಿದ್ದು ಒಂದು. ಅರ್ಧಕ್ಕೆ 36-30. ಆಮೇಲೆ ಟ್ರಿಸ್ಟನ್ ನ್ಯೂಟನ್ ಗಡಿಬಿಡಿಯಿಲ್ಲದೆ, ಮನೆಯಂಗಳದಲ್ಲಿ ಆಡಿದ ಹಾಗೆ ಆಡಿ 20 ಪಾಯಿಂಟು ಮಾಡಿದ. ಅಂತರ ಹತ್ತು ದಾಟಿದ ಮೇಲೆ ಪಕ್ಕದಲ್ಲಿದ್ದ ಧಾರವಾಡದವನು ನನ್ನ ತೋಳು ಹಿಡಿದುಕೊಂಡ, ಮುಗಿಯುವವರೆಗೆ ಬಿಡಲಿಲ್ಲ. 75-60. ಸತತ ಎರಡನೇ ವರ್ಷ. 2006 ಮತ್ತು 2007ರಲ್ಲಿ ಫ್ಲೋರಿಡಾ ಮಾಡಿದ ಮೇಲೆ ಯಾರೂ ಮಾಡಿರಲಿಲ್ಲ.

ಮೇಲಿನಿಂದ ಬಣ್ಣದ ಕಾಗದದ ಚೂರು ಸುರಿಯಿತು. ಏಣಿ ತಂದರು, ಬುಟ್ಟಿಯ ಬಲೆ ಕತ್ತರಿಸಲು. ಗಡಿಯಾರ ನೋಡಿದೆ, ಸಮಯ ಓಡುತ್ತಿದೆ! ಫೋನಿನಲ್ಲಿ ಅಸೈನ್‌ಮೆಂಟಿನ ಫೈಲು ಹುಡುಕಿದೆ. 74 ಸಾವಿರ ಜನರೂ ಒಟ್ಟಿಗೇ ವೀಡಿಯೊ ಕಳಿಸುತ್ತಿದ್ದರು ಅಂತ ಕಾಣುತ್ತದೆ, ನೆಟ್‌ವರ್ಕ್ ಸತ್ತಿತ್ತು. ಜನರನ್ನು ತಳ್ಳಿಕೊಂಡು ಹೊರಗಿನ ಮೆಟ್ಟಿಲ ಹತ್ತಿರ ಓಡಿದೆ. ಕೋಚ್ ಬಲೆ ಕತ್ತರಿಸುವುದನ್ನು ನಾನು ನೋಡಲಿಲ್ಲ. 8.52ಕ್ಕೆ ಫೈಲು ಹೋಯಿತು.

ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಾಗ ಅಮ್ಮನ ವೀಡಿಯೊ ಕಾಲ್. ಹೊಸ ಸೀರೆ, ಹಿಂದೆ ಬಾಗಿಲಿಗೆ ಮಾವಿನ ತೋರಣ. 'ಗೆದ್ರೇನೋ?' ಅಂದಳು. ಗೆದ್ವಿ ಅಂದೆ. ಅಪ್ಪಾಜಿ ಹಿಂದಿನಿಂದ, 'ಯಾರ್ ಗೆದ್ರು? ಇವನೇನ್ ಆಡಿದ್ನಾ?' ಅಂದರು. ಅಮ್ಮ ಬಟ್ಟಲಲ್ಲಿದ್ದ ಬೇವುಬೆಲ್ಲವನ್ನು ಫೋನಿನ ಹತ್ತಿರ ಹಿಡಿದಳು. ಒಳಗಿನಿಂದ ಬಂದ ಗದ್ದಲದಲ್ಲಿ ಅವಳು ಮುಂದೆ ಏನಂದಳು ಅಂತ ಕೇಳಿಸಲಿಲ್ಲ.

ಮಂಗಳವಾರ ರಾತ್ರಿ ಬ್ರ್ಯಾಡ್ಲಿಗೆ ಬಂದಾಗ ಹನ್ನೊಂದೂವರೆ. ಸ್ಟಾರ್ಸ್ ಕಡೆಯ ಬಸ್ಸು ಆ ಹೊತ್ತಿಗೆ ಇಲ್ಲ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಲ್ಯಾಬಿನವನ ಅಪ್ಪ ಕಾರು ತಂದಿದ್ದರು. ರೂಮಿಗೆ ಬಂದರೆ ಫ್ರಿಜ್‌ನಲ್ಲಿ ಒಂದು ಲೋಟ, ಮೇಲೆ ತಟ್ಟೆ ಮುಚ್ಚಿ, 'ಫ್ನೂ' ಅಂತ ಚೀಟಿ ಅಂಟಿಸಿತ್ತು. ಗುಂಟೂರಿನವನ ಉಗಾದಿ ಪಚ್ಚಡಿ. ಬೇವಿನ ಹೂ ಎಲ್ಲಿಂದ ತಂದನೋ, ಪುಣ್ಯಾತ್ಮ. ನಿಂತಲ್ಲೇ ಕುಡಿದೆ.

ಶನಿವಾರ ಹಾರ್ಟ್‌ಫರ್ಡಿನಲ್ಲಿ ತಂಡದ ಮೆರವಣಿಗೆ ನಡೆಯಿತು. ನಾನು ಹೋಗಲಿಲ್ಲ. ನಾಲ್ಕು ಜನಕ್ಕೆ ನಾಲ್ಕು ಪಾಳಿ ವಾಪಸ್ ಮಾಡಬೇಕಿತ್ತು, ಶನಿವಾರದ್ದು ಎರಡನೆಯದು.